ಮನೆ ಬಂಡೆಯ ಮೇಲೆ, ಊಟ ಊರೂರಲ್ಲಿ

ರಣಹದ್ದು ನೋಡಲು ನಸುಕಿನ ಆರಕ್ಕೇ ರಾಮನಗರದ ರಾಮದೇವರ ಬೆಟ್ಟದ ಬುಡದಲ್ಲಿ ದುರ್ಬೀನು ಹಿಡಿದು ನಿಂತವರನ್ನು ಕಂಡರೆ ನನಗೆ ನಗು. ಮೊದಮೊದಲು ನಾನೂ ಹಾಗೇ ನಿಂತವನು. ನಸುಕಿಗೇ ಚುರುಕಾಗುವ ಪಿಕಳಾರ, ಸೂರಕ್ಕಿಗಳ ಲೆಕ್ಕ ಇಲ್ಲಿ ನಡೆಯದು. ಐದಾರು ಕಿಲೋ ತೂಗುವ ಉದ್ದಕೊಕ್ಕಿನ ರಣಹದ್ದಿಗೆ ರೆಕ್ಕೆ ಬಡಿದು ಹೊಟ್ಟೆ ಹೊರೆಯುವುದು ದುಬಾರಿ ಬಾಬತ್ತು. ಬಂಡೆ ಕಾದು ಬಿಸಿಗಾಳಿ ಮೇಲೇಳುವ ತನಕ ತನ್ನದೇ ಹಿಕ್ಕೆಯಿಂದ ಸುಣ್ಣ ಬಳಿದಂತಾದ ಅಂಚಿನಲ್ಲಿ ಕುತ್ತಿಗೆ ಒಳಗೆಳೆದುಕೊಂಡು ಕೂತಿರುತ್ತದೆ. ಬಿಸಿಲು ಬಲಿತ ಮೇಲೆ ಅಂಚಿನಿಂದ ಜಾರಿಬಿದ್ದಂತೆ ಹೊರಡುತ್ತದೆ. ಎರಡು ಸುತ್ತು ಹಾಕುವುದರೊಳಗೆ ಬೆಟ್ಟದ ನೆತ್ತಿ ಅದರ ಕೆಳಗಿರುತ್ತದೆ. ಇನ್ನೂ ನಾಲ್ಕು ಸುತ್ತಿಗೆ ಅದು ಬರೀ ಚುಕ್ಕೆ.

ಆ ಚುಕ್ಕೆ ಕಣ್ಮರೆಯಾದ ಮೇಲಿನ ಕಥೆಯ ಬಗ್ಗೆಯೇ ನನ್ನ ತಕರಾರು.

‘ಶೋಲೆ’ಯ ಬಂಡೆಗಳೆಂದೇ ಹೆಸರಾದ ಈ ಜಾಗದ ಸುಮಾರು 346 ಹೆಕ್ಟೇರನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಿದರು. ಒಳ್ಳೆಯ ಕೆಲಸ. ಬಿಳಿಬೆನ್ನಿನ ರಣಹದ್ದು ಮರದ ಮೇಲೆ ಗೂಡು ಕಟ್ಟುತ್ತದೆ, ಉದ್ದಕೊಕ್ಕಿನದಕ್ಕೆ ಬಂಡೆಯ ಅಂಚೇ ಬೇಕು. ಕಲ್ಲುಗಣಿಯವರ ಸಿಡಿಮದ್ದಿನ ನಡುವೆ ಅಂಥ ಅಂಚು ಉಳಿಯುವುದು ಸಣ್ಣ ಮಾತಲ್ಲ. ಆದರೆ 346 ಹೆಕ್ಟೇರ್ ಎಂದರೆ ಮೂರೂವರೆ ಚದರ ಕಿಲೋಮೀಟರ್. ಗಾಳಿ ಸಿಕ್ಕ ರಣಹದ್ದು ಅದನ್ನು ದಾಟಲು ಐದು ನಿಮಿಷ ಹೆಚ್ಚಾಯಿತು. ನಾವು ಕಾದಿಟ್ಟದ್ದು ಅದರ ಮಲಗುವ ಕೋಣೆಯನ್ನು. ಅಡುಗೆಮನೆ ಬೇಲಿಯಾಚೆ, ಯಾರ್ಯಾರದೋ ಊರಿನಲ್ಲಿದೆ.

ಎಷ್ಟು ದೂರ? ಮಹಾರಾಷ್ಟ್ರದ ತಾಡೋಬಾದಲ್ಲಿ ಬೆನ್ನಿಗೆ ಉಪಗ್ರಹ ಸಾಧನ ಕಟ್ಟಿ ಬಿಟ್ಟ ಬಿಳಿಬೆನ್ನಿನ ರಣಹದ್ದೊಂದು 2024ರಲ್ಲಿ ಸುಮಾರು 4,000 ಕಿಲೋಮೀಟರ್ ಅಲೆದು, ಕರ್ನಾಟಕವನ್ನೂ ಹಾದು, ತಮಿಳುನಾಡು ಸೇರಿತು. ಎನ್-11 ಎಂಬುದು ಅದರ ಗುರುತು. ಜಾತಿ ಬೇರೆ, ನಿಜ. ಎಲ್ಲವೂ ಅಷ್ಟು ದೂರ ಅಲೆಯುತ್ತವೆಂದೂ ಅಲ್ಲ. ಆದರೆ ರಣಹದ್ದಿಗೆ ಧಾಮದ ನಕ್ಷೆ ಎಷ್ಟು ಲೆಕ್ಕಕ್ಕೆ ಎನ್ನುವುದಂತೂ ತಿಳಿಯುತ್ತದೆ.

ಈ ಅಲೆದಾಟವೇ ಅದಕ್ಕೆ ಮುಳುವಾಯಿತು. ನೋವಿಗೆಂದು ಡೈಕ್ಲೋಫೆನಾಕ್ ಚುಚ್ಚಿಸಿಕೊಂಡ ದನ ಒಂದೆರಡು ದಿನದಲ್ಲಿ ಸತ್ತರೆ ಮದ್ದು ಮಾಂಸದಲ್ಲೇ ಉಳಿದಿರುತ್ತದೆ. ಅದನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೈಕೊಟ್ಟು, ಒಳಗಿನ ಅಂಗಗಳ ಮೇಲೆಲ್ಲ ಯೂರಿಕ್ ಆಮ್ಲ ಸುಣ್ಣದಂತೆ ಕಟ್ಟಿಕೊಳ್ಳುತ್ತದೆ. ಒಂದು ಇಳಿದದ್ದು ಕಂಡರೆ ಸುತ್ತಲ ಆಕಾಶದಲ್ಲಿದ್ದವೆಲ್ಲ ಇಳಿಯುವ ಪಂಕ್ತಿ ಊಟ ಇವುಗಳದು. ಹಾಗಾಗಿ 760 ಹೆಣಗಳಲ್ಲಿ ಒಂದು ವಿಷವಾಗಿದ್ದರೂ ಇವುಗಳ ಸಂತತಿ ಕುಸಿಯಲು ಸಾಕಾಗಬಹುದು ಎಂದು 2004ರಲ್ಲೇ ವಿಜ್ಞಾನಿಗಳು ಲೆಕ್ಕ ಹಾಕಿದ್ದರು. 1992ರಿಂದ 2007ರೊಳಗೆ ದೇಶದ ಉದ್ದಕೊಕ್ಕಿನ ರಣಹದ್ದುಗಳಲ್ಲಿ ನೂರಕ್ಕೆ 97ರಷ್ಟು ಹೋದವು. ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿ ಇದು, ಅದನ್ನು ತುಂಬಿಕೊಡುವುದು ಯಾವಾಗ? ರಾಮನಗರದಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು.

ಬಂಡೀಪುರ, ಮೋಯಾರ್ ಕಣಿವೆಯ ರಣಹದ್ದುಗಳಿಗೆ ಹುಲಿ ಉಳಿಸಿದ ಕಡವೆ, ಜಿಂಕೆಗಳಿವೆ. ಕಾಡುಪ್ರಾಣಿಗೆ ಯಾರೂ ಸೂಜಿ ಚುಚ್ಚುವುದಿಲ್ಲ. ರಾಮನಗರದ್ದು ನಾಡಿನ ಬಾಳು. ಗೋಮಾಳ ಲೇಔಟ್ ಆಗಿದೆ, ಸತ್ತ ದನವನ್ನು ಊರಾಚೆ ಎಳೆದು ಬಿಡುವ ರೂಢಿ ಹೋಗಿ ಜೆಸಿಬಿ ಕರೆಸಿ ಹೂಳುತ್ತಾರೆ. ವಾಸನೆ ಯಾರಿಗೆ ಬೇಕು ಹೇಳಿ. ಹದ್ದಿನ ಪಾಲಿಗೆ ಊಟವೂ ಇಲ್ಲ, ಸಿಕ್ಕ ಊಟಕ್ಕೆ ನಂಬಿಕೆಯೂ ಇಲ್ಲ. ನನ್ನನ್ನು ಕೇಳಿದರೆ, ಬೆಟ್ಟದ ಬುಡದಲ್ಲಿ ಹಾಕುವ ಇನ್ನೊಂದು ಬೇಲಿಗಿಂತ ಸುತ್ತಲ ತಾಲ್ಲೂಕುಗಳ ಔಷಧಿ ಅಂಗಡಿಯ ಕಪಾಟು ನೋಡುವುದು ಹೆಚ್ಚಿನ ಕೆಲಸ.

ಜಾನುವಾರಿಗೆ ಡೈಕ್ಲೋಫೆನಾಕ್ ಕೊಡುವುದು 2006ರಿಂದ ನಿಷಿದ್ಧ. ಆದರೂ ಮನುಷ್ಯರಿಗೆಂದು ಮಾಡಿದ ದೊಡ್ಡ ಬಾಟಲಿ ಕೊಟ್ಟಿಗೆಗೆ ಬರುತ್ತಿತ್ತು. 2015ರಲ್ಲಿ ಅದನ್ನು 3 ಮಿ.ಲೀ.ಗೆ ಇಳಿಸಿದರು. ಕೀಟೋಪ್ರೊಫೆನ್, ಮತ್ತು ಹಸುವಿನ ಮೈಯೊಳಗೆ ಡೈಕ್ಲೋಫೆನಾಕ್ ಆಗಿಯೇ ಬದಲಾಗುವ ಅಸಿಕ್ಲೋಫೆನಾಕ್ 2023ರವರೆಗೂ ರಾಜಾರೋಷವಾಗಿ ಮಾರಾಟವಾದವು.

ಹಸು ಸಾಕಿರುವ ಓದುಗರೇ, ಮುಂದಿನ ಸಲ ಡಾಕ್ಟರು ನೋವಿನ ಇಂಜೆಕ್ಷನ್ ತೆಗೆದಾಗ ಬಾಟಲಿಯ ಮೇಲಿನ ಹೆಸರು ಓದಿ. ಮೆಲಾಕ್ಸಿಕ್ಯಾಮ್ ಇದ್ದರೆ ಅದನ್ನೇ ಕೊಡಿ ಎನ್ನಿ. ಹಸುವಿನ ನೋವೂ ಇಳಿಯುತ್ತದೆ, ಹದ್ದೂ ಸಾಯುವುದಿಲ್ಲ.