ಅಕ್ಕನ ದನಿ, ತಮ್ಮನ ರಾಗ

1980ರಲ್ಲಿ ತೆರೆಕಂಡ ‘ಕುರ್ಬಾನಿ’ಯ ಸಂಗೀತ ಕಲ್ಯಾಣ್‌ಜಿ–ಆನಂದ್‌ಜಿ ಅವರದು. ಅದರಲ್ಲಿ ಒಂದು ಹಾಡು ಮಾತ್ರ ಲಂಡನ್ನಿನಿಂದ ಬಂತು: ‘ಆಪ್ ಜೈಸಾ ಕೋಯಿ’. ಹಾಡಿದವಳು ಕರಾಚಿ ಮೂಲದ ಹದಿನೈದರ ಹುಡುಗಿ ನಾಜಿಯಾ ಹಸನ್. ಸಂಗೀತ ಕೂಡಿಸಿದವರು ಬೆಂಗಳೂರಿನಲ್ಲಿ ಹುಟ್ಟಿದ ಕೊಡವ, ಬಿದ್ದು ಅಪ್ಪಯ್ಯ. ಚಿತ್ರದ ನಿರ್ದೇಶಕ ಫಿರೋಜ್ ಖಾನ್ ಕೂಡ ಬೆಂಗಳೂರಿನವರೇ!

ಹಿಂದಿ ಹಾಡೆಂದರೆ ಪಿಟೀಲು ವೃಂದ ಉಕ್ಕಿ ಹರಿಯಬೇಕು ಎಂಬ ಕಾಲವದು. ಬಿದ್ದು ಅಪ್ಪಯ್ಯ ಅದನ್ನೆಲ್ಲ ಬದಿಗಿಟ್ಟರು. ಒಂದೇ ಸಮನೆ ನಡೆಯುವ ಡ್ರಮ್, ಅದರ ಬೆನ್ನಿಗೆ ಬೇಸ್ ಗಿಟಾರ್, ನಡುನಡುವೆ ಧಾರಾಳ ಬಿಡುವು. ಆ ಬಿಡುವಿನಲ್ಲಿ ನಾಜಿಯಾಳ ದನಿ ನಿಲ್ಲುತ್ತದೆ. ತುಸು ಮೂಗಿನ ದನಿ, ಕಸರತ್ತಿಲ್ಲ, ಒನಪಿಲ್ಲ. ಲತಾ, ಆಶಾ ಅವರ ನೆರಳು ಸೋಕದ ಆ ದನಿಗೆ ಆ ಸಾಲಿನ ಫಿಲ್ಮ್‌ಫೇರ್ ಪ್ರಶಸ್ತಿಯೂ ಸಂದಿತು.

ಮರುವರ್ಷವೇ ‘ಡಿಸ್ಕೋ ದೀವಾನೆ’. ಇಲ್ಲಿ ತಮ್ಮ ಜೊಹೇಬ್ ಜೊತೆಗೂಡಿದ. ಸಿನಿಮಾದ ಹಂಗಿಲ್ಲದ ಈ ಆಲ್ಬಂ ಗಡಿಯ ಎರಡೂ ಬದಿಯಲ್ಲಿ ಮನೆಮನೆ ಹೊಕ್ಕಿತು. 1982ರಲ್ಲಿ ‘ಸ್ಟಾರ್’ ಚಿತ್ರ ಸೋತಿತು, ಅದರ ‘ಬೂಮ್ ಬೂಮ್’ ಗೆದ್ದಿತು. ಆಮೇಲೆ 1984ರಲ್ಲಿ ‘ಯಂಗ್ ತರಂಗ್’. ಕೊನೆಯದು 1992ರ ‘ಕ್ಯಾಮೆರಾ ಕ್ಯಾಮೆರಾ’. 2000ದ ಆಗಸ್ಟ್ 13ರಂದು ನಾಜಿಯಾ ಲಂಡನ್ನಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಾಗ ವಯಸ್ಸು ಬರೀ ಮೂವತ್ತೈದು.

ಜೊಹೇಬ್‌ಗೆ ಸಲ್ಲಬೇಕಾದ ಮನ್ನಣೆ ಸಂದಿಲ್ಲ ಎಂಬ ಕೊರಗು ನನಗೆ ಬಹಳ ಕಾಲದ್ದು. ಜನ ನಾಜಿಯಾಳನ್ನಷ್ಟೇ ನೆನೆಯುತ್ತಾರೆ. ಆದರೆ ಆ ಆಲ್ಬಂಗಳ ಹಲವು ರಾಗಗಳು ಅವನವೇ. ಅಕ್ಕನ ತೆಳು ದನಿಯ ಕೆಳಗೆ ಅವನ ದನಿ ಸೇರಿದಾಗ ಹಾಡಿಗೆ ತಳ ಸಿಗುತ್ತದೆ. ಒಂದೇ ಮನೆಯಲ್ಲಿ ಬೆಳೆದವರ ಉಚ್ಚಾರ, ಉಸಿರು ತಾನಾಗಿ ಹೊಂದುತ್ತವೆ. ಬಾಡಿಗೆ ಜೋಡಿಗಳಿಗೆ ಅದು ದಕ್ಕುವುದಿಲ್ಲ.

2012ರ ‘ಸ್ಟೂಡೆಂಟ್ ಆಫ್ ದಿ ಇಯರ್’ನಲ್ಲಿ ‘ಡಿಸ್ಕೋ ದೀವಾನೆ’ ಮತ್ತೆ ಕುಣಿಯಿತು. 2022ರ ‘ಆ್ಯನ್ ಆ್ಯಕ್ಷನ್ ಹೀರೋ’ಗೆ ‘ಆಪ್ ಜೈಸಾ ಕೋಯಿ’ ಹೊಸ ವೇಷ ತೊಟ್ಟಿತು. ಬಿದ್ದು ಅಪ್ಪಯ್ಯ ಬಿಟ್ಟ ಖಾಲಿ ಜಾಗಗಳನ್ನೆಲ್ಲ ಹೊಸಬರು ಸದ್ದಿನಿಂದ ತುಂಬಿದ್ದಾರೆ. ನನಗೆ ಇವು ಒಪ್ಪಿಗೆಯಾಗಿಲ್ಲ. ಮಕ್ಕಳಿಗೆ ಕೇಳಿಸುವುದಿದ್ದರೆ ದಯವಿಟ್ಟು 1981ರ ಮೂಲ ಆಲ್ಬಂ ಅನ್ನೇ ಕೇಳಿಸಿ, ಮೊದಲಿನಿಂದ ಕೊನೆಯವರೆಗೆ.