ಹೆರೋದ–ಪಿಲಾತರ ಗೆಳೆತನ: ಒಂದು ಚಿತ್ರಕಥೆಯ ಓದು

‘ಸೂಪರ್‌ಮ್ಯಾನ್ ವರ್ಸಸ್ ಮುಹಮ್ಮದ್ ಅಲಿ’ ಎಂಬ ಚಿತ್ರಕಥೆಯನ್ನು ಅಮೆರಿಕದ ಡಿ.ಸಿ. ಕಾಮಿಕ್ಸ್ ಸಂಸ್ಥೆ 1978ರಲ್ಲಿ ದೊಡ್ಡ ಆಕಾರದ ವಿಶೇಷ ಸಂಚಿಕೆಯಾಗಿ ಹೊರತಂದಿತು. ಮೂಲ ಕಥೆ ಡೆನ್ನಿ ಓನೀಲ್ ಅವರದು. ಅದನ್ನು ಅಳವಡಿಸಿಕೊಂಡು ಚಿತ್ರಗಳನ್ನು ಬರೆದವರು ನೀಲ್ ಆಡಮ್ಸ್. 2010ರಲ್ಲಿ ಅದರ ಮರುಮುದ್ರಣವೂ ಆಯಿತು. ಗುರುಮಠದ ಪತ್ರಿಕೆಯಲ್ಲಿ ಇಂಥ ಕೃತಿಗೆ ಪುಟಗಳನ್ನು ಮೀಸಲಿಡುವುದೇಕೆ ಎಂದು ಹಿರಿಯ ಓದುಗರು ಕೇಳಬಹುದು. ನಮ್ಮ ವಿದ್ಯಾರ್ಥಿಗಳಿಗೆ ನ್ಯಾಯಸ್ಥಾಪಕರ ಗ್ರಂಥಕ್ಕಿಂತ ಇಂಥ ಕಥೆಗಳೇ ಹೆಚ್ಚು ಪರಿಚಿತ ಎಂಬುದು ಒಂದು ಕಾರಣ. ಈ ಕಥೆಗಳು ಐಕ್ಯತೆಯ ಬಗ್ಗೆ ಒಂದು ಬೋಧನೆಯನ್ನು ಸದ್ದಿಲ್ಲದೆ ಕಲಿಸುತ್ತವೆ, ಆ ಬೋಧನೆಯನ್ನು ನಾವು ಎಷ್ಟೋ ಸಲ ಶುಭಸಂದೇಶದ್ದೇ ಎಂದು ಭ್ರಮಿಸಿ ಬಲಿಪೀಠದಿಂದ ಮರುನುಡಿಯುತ್ತೇವೆ ಎಂಬುದು ಇನ್ನೊಂದು, ಮತ್ತು ಗಂಭೀರವಾದ, ಕಾರಣ.

ಆ ಬೋಧನೆಯ ಸಾರ ಇಷ್ಟೆ: ಪರಸ್ಪರ ಸೆಣಸುವ ಶೂರರು ಒಂದಾಗಬೇಕಾದರೆ ಆಕಾಶದಿಂದ ಒಬ್ಬ ಶತ್ರು ಇಳಿದು ಬರಬೇಕು. ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲಿಯೂ ಬರುತ್ತಿದ್ದ ಕಾಲದಲ್ಲಿ ಬಾಲ್ಯ ಕಳೆದ ಗುರುಗಳಿಗೆ ಫ್ಯಾಂಟಮ್, ಮಾಂಡ್ರೇಕರು ನೆನಪಿರಬಹುದು. ಅವರವರ ಕಾಡು, ಅವರವರ ಬಂಗಲೆಯಲ್ಲಿ ಬೇರೆ ಬೇರೆಯಾಗಿ ಬಾಳುತ್ತಿದ್ದ ಅವರನ್ನು 1986ರ ‘ಡಿಫೆಂಡರ್ಸ್ ಆಫ್ ದಿ ಅರ್ತ್’ ಎಂಬ ದೂರದರ್ಶನ ಸರಣಿ ಫ್ಲ್ಯಾಷ್ ಗಾರ್ಡನ್‌ನೊಡನೆ ಸೇರಿಸಿ ಮೊಂಗೊ ಗ್ರಹದ ಮಿಂಗ್‌ನ ವಿರುದ್ಧ ನಿಲ್ಲಿಸಿತು. ಈಗಿನವರಿಗೆ 2012ರ ‘ದಿ ಅವೆಂಜರ್ಸ್’ ಚಲನಚಿತ್ರ ಸಾಕು. ಅರ್ಧ ಚಿತ್ರ ತಮ್ಮತಮ್ಮಲ್ಲೇ ಕಚ್ಚಾಡುವ ವೀರರು, ನ್ಯೂಯಾರ್ಕಿನ ಆಕಾಶ ಬಿರಿದು ಚಿಟೌರಿ ಸೇನೆ ಸುರಿಯತೊಡಗಿದೊಡನೆ ಬೆನ್ನಿಗೆ ಬೆನ್ನು ಕೊಟ್ಟು ವೃತ್ತವಾಗಿ ನಿಲ್ಲುತ್ತಾರೆ. ಚಿತ್ರಮಂದಿರದಲ್ಲಿ ಚಪ್ಪಾಳೆ ಬೀಳುವುದು ಆಗಲೇ.

ಈ ಮಾದರಿ ಪಾಶ್ಚಾತ್ಯರ ಸ್ವತ್ತೇನೂ ಅಲ್ಲ. ಮಹಾಭಾರತದ ಘೋಷಯಾತ್ರೆಯ ಪ್ರಸಂಗವನ್ನು ಬಲ್ಲ ಕನ್ನಡಿಗರಿಗೆ ಅದು ಹೊಸತಾಗಿ ಕಾಣಬೇಕಿಲ್ಲ. ಕಾಡಿನಲ್ಲಿರುವ ಪಾಂಡವರ ಮುಂದೆ ವೈಭವ ಮೆರೆಯಲು ಬಂದ ದುರ್ಯೋಧನನನ್ನು ಗಂಧರ್ವನಾದ ಚಿತ್ರಸೇನನು ಸೆರೆಹಿಡಿಯುತ್ತಾನೆ. ಭೀಮನಿಗೆ ಒಳಗೊಳಗೇ ಹಿಗ್ಗು. ಆದರೆ ಧರ್ಮರಾಯನು, ನಮ್ಮೊಳಗೆ ನಾವು ಐವರು, ಅವರು ನೂರ್ವರು; ಹೊರಗಿನವರೆದುರು ಮಾತ್ರ ನಾವು ನೂರೈವರು ಎಂಬ ನೀತಿ ಹೇಳಿ ತಮ್ಮಂದಿರನ್ನು ಯುದ್ಧಕ್ಕೆ ಕಳುಹಿಸುತ್ತಾನೆ. ಈ ನೀತಿಯನ್ನು ನಮ್ಮಲ್ಲಿ ಎಷ್ಟು ಮೆಚ್ಚಿದ್ದಾರೆಂದರೆ, ಪ್ರಸಂಗದ ಮುಂದಿನ ಭಾಗವನ್ನು ನೆನೆಯುವವರೇ ಕಡಿಮೆ. ಬಿಡುಗಡೆ ಪಡೆದ ದುರ್ಯೋಧನನಲ್ಲಿ ಕೃತಜ್ಞತೆ ಹುಟ್ಟುವುದಿಲ್ಲ, ಅವಮಾನ ಹುಟ್ಟುತ್ತದೆ. ಆತನು ಪ್ರಾಯೋಪವೇಶಕ್ಕೆ ಕೂರುತ್ತಾನೆ. ಗಂಧರ್ವನು ಹೋದನು, ಹಗೆ ಉಳಿಯಿತು. ಕುರುಕ್ಷೇತ್ರ ತಪ್ಪಲಿಲ್ಲ.

ಪವಿತ್ರ ಗ್ರಂಥ ಈ ವಿಷಯದಲ್ಲಿ ಇನ್ನೂ ನಿಷ್ಠುರವಾಗಿದೆ. ಅಮ್ಮೋನಿಯರ ಎದುರು ಯೆಪ್ತಾಹನು ಗಿಲ್ಯಾದಿನವರನ್ನು ಕೂಡಿಸಿ ಗೆಲ್ಲುತ್ತಾನೆ. ಗೆಲುವಿನ ಬೆನ್ನಿಗೇ, ನಮ್ಮನ್ನೇಕೆ ಕರೆಯಲಿಲ್ಲ ಎಂದು ಎಫ್ರಯಿಮಿನವರು ಜಗಳಕ್ಕೆ ಬರುತ್ತಾರೆ. ಜೋರ್ಡನ್ ನದಿಯ ಹಾಯ್ಗಡಗಳಲ್ಲಿ ಗಿಲ್ಯಾದಿನವರು ನಿಂತು, ದಾಟಬಂದವರಿಂದ ‘ಷಿಬ್ಬೋಲೆತ್’ ಎಂಬ ಒಂದು ಪದ ಹೇಳಿಸುತ್ತಾರೆ. ‘ಸಿಬ್ಬೋಲೆತ್’ ಎಂದವನ ಕೊರಳು ಅಲ್ಲೇ ಕತ್ತರಿಸಿ ಬೀಳುತ್ತದೆ. ಗ್ರಂಥ ಕೊಡುವ ಲೆಕ್ಕ 42,000 ಮಂದಿ. ಒಂದೇ ದೇವರು, ಒಂದೇ ಪೂರ್ವಜ, ಇದೀಗ ತಾನೇ ಸೋತ ಒಬ್ಬನೇ ಶತ್ರು; ಇಷ್ಟೆಲ್ಲ ಇದ್ದೂ ಒಂದು ಅಕ್ಷರದ ಉಚ್ಚಾರಣೆಯ ಮೇಲೆ ಕೊಲೆ. ನ್ಯಾಯಸ್ಥಾಪಕರ ಗ್ರಂಥದ ಈ ಹನ್ನೆರಡನೆಯ ಅಧ್ಯಾಯವನ್ನು ನಾವು ಪ್ರಬೋಧನೆಗಳಲ್ಲಿ ಬಹುತೇಕ ಮುಟ್ಟುವುದೇ ಇಲ್ಲ.

ಆದರೆ ಈ ಚರ್ಚೆಯ ಕೇಂದ್ರವಾಕ್ಯ ಸಂತ ಲೂಕರ ಇಪ್ಪತ್ತಮೂರನೆಯ ಅಧ್ಯಾಯದ ಹನ್ನೆರಡನೆಯದು. ಅದುವರೆಗೆ ವೈರಿಗಳಾಗಿದ್ದ ಹೆರೋದ, ಪಿಲಾತರು ಆ ದಿನ ಸ್ನೇಹಿತರಾದರು ಎಂದು ಶುಭಸಂದೇಶಕಾರರು ಯಾವ ವ್ಯಾಖ್ಯಾನವನ್ನೂ ಜೋಡಿಸದೆ ತಿಳಿಸುತ್ತಾರೆ. ಬೇರೆ ಮೂವರು ಶುಭಸಂದೇಶಕಾರರಲ್ಲಿ ಈ ಮಾತಿಲ್ಲ. ಇಬ್ಬರ ನಡುವೆ ಅತ್ತಿಂದಿತ್ತ ಕಳುಹಿಸಲ್ಪಟ್ಟ ಒಬ್ಬ ಬಂದಿಯ ಅಪಹಾಸ್ಯದ ಮೇಲೆ ಆ ಸ್ನೇಹ ಕಟ್ಟಲ್ಪಟ್ಟಿದೆ. ಫ್ರಾನ್ಸಿನ ಚಿಂತಕ ರೆನೆ ಜಿರಾರ್ 1982ರ ತಮ್ಮ ಗ್ರಂಥದಲ್ಲಿ ಬಲಿಪಶುವಿನ ಸುತ್ತ ಹುಟ್ಟುವ ಸಾಮರಸ್ಯಕ್ಕೆ ಈ ವಾಕ್ಯವನ್ನು ಸಾಕ್ಷಿಯಾಗಿ ಓದಿದ್ದು ಸರಿಯಾಗಿಯೇ ಇದೆ. ಜಗತ್ತು ಬಲ್ಲ ಐಕ್ಯತೆಯ ಅತಿ ಹಳೆಯ ವಿಧಾನ ಇದು: ಮೂರನೆಯವನೊಬ್ಬ ಬೇಕು.

ಚಿತ್ರಕಥೆಯ ಲೋಕದೊಳಗಿಂದಲೇ ಈ ವಿಧಾನದ ಮೇಲೆ ಬಂದ ಕಟುವಾದ ವಿಮರ್ಶೆ ಆಲನ್ ಮೂರ್ ಮತ್ತು ಡೇವ್ ಗಿಬ್ಬನ್ಸರ ‘ವಾಚ್‌ಮೆನ್’ (1986–87). ಅಲ್ಲಿ ಓಜಿಮಾಂಡಿಯಸ್ ಎಂಬ ಬುದ್ಧಿವಂತನು ಅಣುಯುದ್ಧ ತಪ್ಪಿಸಲು ಅನ್ಯಲೋಕದ ದಾಳಿಯೊಂದನ್ನು ಸುಳ್ಳಾಗಿ ಸೃಷ್ಟಿಸಿ ನ್ಯೂಯಾರ್ಕಿನಲ್ಲಿ ಲಕ್ಷಾಂತರ ಜನರನ್ನು ಕೊಲ್ಲುತ್ತಾನೆ. ಬಲಾಢ್ಯ ರಾಷ್ಟ್ರಗಳು ತಕ್ಷಣ ಕೈಕುಲುಕುತ್ತವೆ. ಕಾಕತಾಳೀಯವೋ ಏನೋ, 1987ರ ಸೆಪ್ಟೆಂಬರ್ 21ರಂದು ಅಧ್ಯಕ್ಷ ರೇಗನ್ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಮಾತನಾಡುತ್ತ, ಅನ್ಯಲೋಕದಿಂದ ಅಪಾಯ ಬಂದರೆ ನಮ್ಮ ಭೇದಗಳು ಎಷ್ಟು ಬೇಗ ಕರಗಬಹುದೆಂಬ ಊಹೆಯನ್ನು ಮುಂದಿಟ್ಟರು. ಅವರು ಅದನ್ನು ಆಶಯವಾಗಿ ನುಡಿದರು. ಮೂರ್ ಅದರ ಬೆಲೆಯನ್ನು ಎಣಿಸಿ ತೋರಿಸಿದ್ದರು. ದಾಳಿ ನಿಜವಾಗಿರಲೇಬೇಕೆಂದಿಲ್ಲ, ನಂಬುವಂತಿದ್ದರೆ ಸಾಕು ಎಂಬ ಅವರ ಒಳನೋಟ ಇಂದಿನ ರಾಜಕಾರಣವನ್ನು ಕಂಡವರಿಗೆ ವಿವರಿಸಬೇಕಾದುದಲ್ಲ.

ಇಷ್ಟು ಹೇಳಿದ ಮೇಲೆ 1978ರ ಕೃತಿಗೆ ಮರಳೋಣ. ಏಕೆಂದರೆ ಅದು ತನ್ನ ಜಾತಿಯ ಕಥೆಗಳಿಗಿಂತ ಮೇಲು ಎಂಬುದು ನಮ್ಮ ಅಭಿಪ್ರಾಯ. ಕಥಾವಸ್ತು ಹೀಗಿದೆ. ಸ್ಕ್ರಬ್ ಎಂಬ ಅನ್ಯಲೋಕದವರ ನಾಯಕ ರಾಟ್‌ಲಾರ್ ಭೂಮಿಗೆ ಬಂದು, ನಿಮ್ಮ ಅತಿಶ್ರೇಷ್ಠ ಮಲ್ಲನು ನಮ್ಮ ಹುನ್ಯಾನೊಡನೆ ಸೆಣಸಲಿ, ಇಲ್ಲವಾದರೆ ಭೂಮಿ ನಾಶವಾಗುತ್ತದೆ ಎಂದು ಸಾರುತ್ತಾನೆ. ಅತಿಶ್ರೇಷ್ಠ ಯಾರು? ಅಲಿಯೂ ಮುಂದೆ ಬರುತ್ತಾನೆ, ಸೂಪರ್‌ಮ್ಯಾನನೂ ಬರುತ್ತಾನೆ. ಹಾಗಾದರೆ ಮೊದಲು ನೀವಿಬ್ಬರೇ ಹೊಡೆದಾಡಿ ಎಂದು ತೀರ್ಮಾನವಾಗುತ್ತದೆ. ಕೆಂಪು ಸೂರ್ಯನ ಬೆಳಕಿನಲ್ಲಿ ಸೂಪರ್‌ಮ್ಯಾನನ ಅತಿಮಾನುಷ ಶಕ್ತಿಗಳು ಅಳಿಯುವುದರಿಂದ, ಅಂಥ ಸೂರ್ಯನಿರುವ ಗ್ರಹವೊಂದರಲ್ಲಿ ಕಣ ಏರ್ಪಡುತ್ತದೆ. (ಅದಕ್ಕೆ ಮುನ್ನ ಅಲಿ ಹೊಡೆತದ ವಿಧಗಳನ್ನು ಒಂದೊಂದಾಗಿ ವಿವರಿಸುವ ಪುಟಗಳು ದೀರ್ಘವಾದುವೆಂದೇ ಹೇಳಬೇಕು.)

ಆ ಕಣದ ಪುಟಗಳೇ ಕೃತಿಯ ಹೃದಯ. ಶಕ್ತಿ ಕಳೆದುಕೊಂಡ ಸೂಪರ್‌ಮ್ಯಾನನು ಏಟಿನ ಮೇಲೆ ಏಟು ತಿನ್ನುತ್ತಾನೆ, ಮುಖ ಬಾತುಹೋಗುತ್ತದೆ, ಆದರೂ ನೆಲಕ್ಕೆ ಬೀಳುವುದಿಲ್ಲ. ತನ್ನೆದುರಿಗಿರುವವನು ಇನ್ನು ತನ್ನನ್ನು ಕಾಪಾಡಿಕೊಳ್ಳಲಾರ ಎಂದು ಕಂಡ ಅಲಿ ಹೊಡೆಯುವುದನ್ನು ನಿಲ್ಲಿಸಿ, ಪಂದ್ಯ ನಿಲ್ಲಿಸುವಂತೆ ತೀರ್ಪುಗಾರನನ್ನು ಒತ್ತಾಯಿಸುತ್ತಾನೆ. ನಿಲ್ಲಿಸಿದ ಮೇಲಷ್ಟೇ ಸೂಪರ್‌ಮ್ಯಾನ್ ಬೀಳುವುದು. ಇಬ್ಬರ ನಡುವಿನ ಪೈಪೋಟಿ ಸತ್ತದ್ದು ಇಲ್ಲಿ. ಶತ್ರುವಿನ ನೌಕಾಪಡೆ ಇನ್ನೂ ಇದ್ದಲ್ಲೇ ಇದೆ. ಮುಂದೆ ಸೂಪರ್‌ಮ್ಯಾನ್ ವೇಷ ಮರೆಸಿಕೊಂಡು ಆ ಪಡೆಯನ್ನು ಮುರಿಯುವುದು, ಅಲಿ ತಾನು ಮುನ್ನುಡಿದಂತೆ ನಾಲ್ಕನೆಯ ಸುತ್ತಿನಲ್ಲೇ ಹುನ್ಯಾನನ್ನು ಕೆಡಹುವುದು, ಇವೆಲ್ಲ ರಂಜನೆಯ ಭಾಗ. ಅವುಗಳನ್ನು ಆಡಮ್ಸ್ ಸೊಗಸಾಗಿಯೇ ಬರೆದಿದ್ದಾರೆ. ಆದರೆ ಗೆಳೆತನಕ್ಕೆ ಕಾರಣ ರಾಟ್‌ಲಾರ್ ಅಲ್ಲ, ಎತ್ತಿದ ಕೈಯನ್ನು ತಡೆದುಕೊಂಡ ಒಂದು ಕ್ಷಣ.

ಕೊನೆಗೆ ರಾಟ್‌ಲಾರ್ ಕೊಟ್ಟ ಮಾತಿಗೆ ತಪ್ಪಿ ಭೂಮಿಯ ಮೇಲೆ ಬೀಳಲು ಹೊರಟಾಗ ಅವನನ್ನು ತಡೆಯುವವನು ಯಾರು? ಸೋತ ಹುನ್ಯಾ. ‘ಅನ್ಯರು’ ಎಂದು ಒಂದೇ ರಾಶಿಯಾಗಿ ಕಂಡವರೊಳಗೆ ಅಂತಃಸಾಕ್ಷಿಯುಳ್ಳ ಒಬ್ಬನಿದ್ದಾನೆ ಎಂದು ಕೃತಿ ತೋರಿಸುತ್ತದೆ. ಚಿಟೌರಿ ಸೇನೆಯಲ್ಲಿ ಅಂಥ ಒಬ್ಬನೂ ಇಲ್ಲ. ಅವರಿಗೆ ಮುಖವೇ ಇಲ್ಲ, ಸಾಯುವುದಷ್ಟೇ ಅವರ ಕೆಲಸ. ಈ ಒಂದು ವ್ಯತ್ಯಾಸಕ್ಕಾಗಿ ನಾವು ಕೋಟಿಗಟ್ಟಲೆ ಹಣದ ಆ ಚಲನಚಿತ್ರಕ್ಕಿಂತ ಈ ಹಳೆಯ ಸಂಚಿಕೆಯನ್ನು ಆರಿಸಿಕೊಳ್ಳುತ್ತೇವೆ.

ಇನ್ನೆರಡು ಸಂಗತಿಗಳನ್ನು ಕೃತಿ ಎತ್ತಿ ಹೇಳುವುದಿಲ್ಲ, ಓದುಗನೇ ತಂದುಕೊಳ್ಳಬೇಕು. ಭೂಮಿಯನ್ನು ಅನ್ಯಲೋಕದವರಿಂದ ಕಾಯುವ ಸೂಪರ್‌ಮ್ಯಾನ್ ಸ್ವತಃ ಅನ್ಯಲೋಕದವನು; ಕ್ರಿಪ್ಟಾನ್ ಗ್ರಹದಿಂದ ಬಂದ ಅನಾಥ ಶಿಶು. 1938ರಲ್ಲಿ ಅವನನ್ನು ಲೋಕಕ್ಕೆ ಪರಿಚಯಿಸಿದ ಜೆರ್ರಿ ಸೀಗಲ್, ಜೋ ಶುಸ್ಟರ್ ಇಬ್ಬರೂ ಯೆಹೂದಿ ವಲಸೆಗಾರರ ಮಕ್ಕಳು. ಎರಡನೆಯದು ಅಲಿಯ ಜೀವನ. ತನ್ನ ದೇಶ ಬೆರಳು ಮಾಡಿ ತೋರಿಸಿದ ಶತ್ರುವಿನ ವಿರುದ್ಧ ವಿಯೆಟ್ನಾಮಿಗೆ ಹೋಗಲು 1967ರಲ್ಲಿ ಒಪ್ಪದೆ, ಅದಕ್ಕಾಗಿ ಪಟ್ಟವನ್ನೇ ಕಳೆದುಕೊಂಡವರು ಅವರು. 1971ರಲ್ಲಿ ಸರ್ವೋಚ್ಚ ನ್ಯಾಯಾಲಯ ಅವರ ಶಿಕ್ಷೆಯನ್ನು ರದ್ದುಗೊಳಿಸಿತು. ‘ಎಲ್ಲರ ಶತ್ರು’ ಎಂಬ ಮಾತನ್ನು ನಂಬಲು ನಿರಾಕರಿಸಿದವರನ್ನೇ ಎಲ್ಲರ ಶತ್ರುವಿನ ಮೇಲೆ ಕಳುಹಿಸುವ ಕಥೆ ಇದು. ಈ ವಿರೋಧಾಭಾಸವನ್ನು ಲೇಖಕರು ಗಮನಿಸಿದಂತೆ ತೋರುವುದಿಲ್ಲ. ಕೃತಿಯ ದೊಡ್ಡ ಕೊರತೆ ಇದೇ.

ಈಗ ನಮ್ಮ ಧರ್ಮಸಭೆಯ ಮಾತು. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಮೊದಲಾದೆಡೆ ಪ್ರಾರ್ಥನಾಲಯಗಳ ಮೇಲೆ ದಾಳಿಗಳಾದಾಗ ಕರ್ನಾಟಕದ ಕಥೋಲಿಕರೂ ಇತರ ಸಭೆಗಳವರೂ ಒಂದೇ ಬೀದಿಗೆ ಇಳಿದರು. ಮತಾಂತರ ತಡೆಯ ಕಾಯಿದೆ 2022ರಲ್ಲಿ ಜಾರಿಗೆ ಬಂದಾಗಲೂ ಒಟ್ಟಾಗಿ ವಿರೋಧಿಸಿದರು. ಅದು ನ್ಯಾಯವೇ ಆಗಿತ್ತು. ಪೆಟ್ಟು ತಿಂದವರು ಕೂಡಿ ಕೂಗುವುದನ್ನು ಹೆರೋದನ ಸ್ನೇಹಕ್ಕೆ ಹೋಲಿಸುವುದು ಕ್ರೌರ್ಯವಾದೀತು. ನಮ್ಮ ಪ್ರಶ್ನೆ ಮರುದಿನದ್ದು. ಅಂಥ ದಿನಗಳು ಕಳೆದೊಡನೆ ಪೂಜೆಯ ಭಾಷೆ ಕನ್ನಡವೋ ತಮಿಳೋ ಕೊಂಕಣಿಯೋ ಎಂಬ ಹಳೆಯ ವ್ಯಾಜ್ಯ ಮತ್ತೆ ತಲೆಯೆತ್ತುತ್ತದೆ. ಜೋರ್ಡನಿನ ಹಾಯ್ಗಡದಲ್ಲಿ ಕಾವಲುಗಾರರು ಮತ್ತೆ ನಿಲ್ಲುತ್ತಾರೆ. ಕ್ರೈಸ್ತೈಕ್ಯದ ಪ್ರಾರ್ಥನಾ ಸಪ್ತಾಹ ಪ್ರತಿವರ್ಷ ಜನವರಿ 18ರಿಂದ 25ರವರೆಗೆ ಇದ್ದೇ ಇದೆ. ಶತ್ರುವಿಲ್ಲದ ಆ ಎಂಟು ದಿನಗಳಿಗೆ ಎಷ್ಟು ಜನ ಸೇರುತ್ತಾರೆಂಬುದನ್ನು ಗುರುಗಳೇ ಬಲ್ಲರು.

ಹುತಾತ್ಮರ ರಕ್ತದಲ್ಲಿ ಸಭೆಗಳು ಒಂದಾಗುತ್ತವೆ ಎಂದು ಪೋಪ್ ಫ್ರಾನ್ಸಿಸ್ ಹೇಳುತ್ತಿದ್ದರಲ್ಲ, ಅದೂ ಶತ್ರುವಿನಿಂದ ಬಂದ ಐಕ್ಯವೇ ಅಲ್ಲವೇ ಎಂಬ ಆಕ್ಷೇಪಣೆ ಬರಬಹುದು. 2015ರ ಫೆಬ್ರುವರಿಯಲ್ಲಿ ಲಿಬಿಯಾದ ಕಡಲತೀರದಲ್ಲಿ ಕೊಲ್ಲಲ್ಪಟ್ಟ 21 ಮಂದಿಯನ್ನು ನೆನೆಯೋಣ. ಇಪ್ಪತ್ತು ಮಂದಿ ಈಜಿಪ್ಟಿನ ಕಾಪ್ಟಿಕ್ ಸಭೆಯವರು, ಒಬ್ಬನು ಘಾನಾ ದೇಶದವನು. 2023ರಲ್ಲಿ ಅವರ ಹೆಸರುಗಳನ್ನು ರೋಮನ್ ಹುತಾತ್ಮರ ಪಟ್ಟಿಗೆ ಸೇರಿಸಲಾಯಿತು. ಅವರು ಯಾರ ವಿರುದ್ಧವೂ ಒಂದಾಗಿರಲಿಲ್ಲ. ಯೇಸುವಿನ ಹೆಸರಿನಲ್ಲಿ ಒಂದಾಗಿದ್ದರು, ಕೊಂದವರೂ ಅದನ್ನೇ ಗುರುತಿಸಿದರು. ಸಂತ ಪೌಲರು ಎಫೆಸಿಯರಿಗೆ ವಿವರಿಸುವುದು ಇಂಥ ಐಕ್ಯವನ್ನು: ಕ್ರಿಸ್ತರು ತಮ್ಮ ದೇಹದಲ್ಲಿ ಕೊಂದದ್ದು ಹಗೆಯನ್ನಲ್ಲ, ಹಗೆತನವನ್ನು.

ನಾವು ಇದನ್ನು ಬರೆಯುತ್ತಿರುವ ಶಿರಂಗಾಲದಲ್ಲಿ ಕಾವೇರಿ ಕೊಡಗನ್ನು ಬಿಟ್ಟು ಮುಂದಕ್ಕೆ ಹರಿಯುತ್ತಾಳೆ. ಗಡಿಯೂರಿನಲ್ಲಿ ‘ಹೊರಗಿನವರು’ ಎಂಬ ಪದ ಸಲೀಸಾಗಿ ಬಾಯಿಗೆ ಬರುತ್ತದೆ. ಕೊಡಗಿನ ಕಾಫಿ ತೋಟಗಳಲ್ಲಿ ಈಗ ಅಸ್ಸಾಮಿನಿಂದ ಬಂದ ಕಾರ್ಮಿಕರು ದುಡಿಯುತ್ತಿದ್ದಾರೆ. ಅವರು ಎಲ್ಲಿಯವರೋ ಎಂಬ ಗುಸುಗುಸು ನಮ್ಮ ದೇವಾಲಯದ ಅಂಗಳವನ್ನೂ ಮುಟ್ಟಿದೆ. ಜಾತಿ, ಭಾಷೆ ಮರೆತು ಊರವರೆಲ್ಲ ಒಮ್ಮತಕ್ಕೆ ಬರುವ ವಿಷಯ ಇದೊಂದೇ ಎಂದು ತೋರುವಾಗ ಉಪದೇಶಕನಿಗೆ ಹೆದರಿಕೆಯಾಗಬೇಕು. ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯ 1792ರದು. ಆ ಕಾಲದಲ್ಲಿ ನೆಲೆ ಕಳೆದುಕೊಂಡು ಬಂದ ಕೊಂಕಣಿ ಕಥೋಲಿಕರಿಗೆ ದೊಡ್ಡವೀರರಾಜೇಂದ್ರ ಒಡೆಯರು ಆಶ್ರಯ ಕೊಟ್ಟರು. ಈ ಜಿಲ್ಲೆಯಲ್ಲಿ ನಮ್ಮ ಸಭೆಯ ಚರಿತ್ರೆ ಹೊರಗಿನವರ ಚರಿತ್ರೆಯಾಗಿಯೇ ಆರಂಭವಾಯಿತು.

ಯುವಜನರ ಶಿಬಿರಗಳಲ್ಲಿ ಐಕ್ಯತೆಯ ಪಾಠಕ್ಕೆ ಇಂಥ ಚಿತ್ರಕಥೆಗಳನ್ನು ಬಳಸುವ ಗುರುಗಳಿಗೆ, ಉಪದೇಶಿಗಳಿಗೆ ನಮ್ಮದೊಂದು ಸಲಹೆ. ವೀರರಿಬ್ಬರು ಕೈ ಹಿಡಿದು ನಿಂತ ಕೊನೆಯ ಪುಟವನ್ನು ತೋರಿಸಿ ಮುಗಿಸಬೇಡಿ. ಅಲಿ ಮುಷ್ಟಿಯನ್ನು ಇಳಿಸುವ ಪುಟವನ್ನು ಮೊದಲು ತೆರೆಯಿರಿ, ಬಳಿಕ ಹುನ್ಯಾ ತಿರುಗಿ ನಿಲ್ಲುವ ಪುಟವನ್ನು. ಅನಂತರ ಲೂಕರ ಆ ಒಂದು ವಾಕ್ಯವನ್ನು ಓದಿಸಿ, ಆ ದಿನ ಇಬ್ಬರು ಗೆಳೆಯರಾದುದಕ್ಕೆ ಬೆಲೆ ತೆತ್ತವರು ಯಾರೆಂದು ಮಕ್ಕಳನ್ನೇ ಕೇಳಿ.