ರಂಧ್ರದ ತಳದಲ್ಲಿ ಕಂಡ ಅಣು

ಒಂದೇ ಒಂದು ಕಿಣ್ವ ದುಡಿಯುವುದನ್ನು ನೋಡಹೊರಟವರಿಗೆ ತೊಡಕಾಗುವುದು ಬೆಳಕಿನ ಹರವು. ಲೇಸರನ್ನು ಎಷ್ಟೇ ಬಿಗಿಯಾಗಿ ಕೂಡಿಸಿದರೂ ಬೆಳಗುವ ಜಾಗ ಫೆಮ್ಟೊಲೀಟರಿನ ಆಸುಪಾಸಿಗಿಂತ ಹೆಚ್ಚು ಕುಗ್ಗದು. ಅನೇಕ ಕಿಣ್ವಗಳಿಗೆ ಬೇಕಾದ ಮೈಕ್ರೊಮೋಲಾರ್ ಸಾರತೆಯಲ್ಲಿ ಅಷ್ಟು ಜಾಗದೊಳಗೇ ಬಣ್ಣ ಹಚ್ಚಿದ ಸುಮಾರು 600 ಅಣುಗಳು ಹೊಳೆಯುತ್ತವೆ. ಜಾತ್ರೆಯ ಗದ್ದಲದಲ್ಲಿ ಒಬ್ಬನ ಪಿಸುಮಾತಿಗೆ ಕಿವಿಗೊಟ್ಟ ಹಾಗೆ.

2003ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಲೆವೀನ್, ಕೋರ್ಲಾಕ್, ಕ್ರೇಗ್‌ಹೆಡ್, ವೆಬ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಇದಕ್ಕೊಂದು ಉಪಾಯ ಸೂಚಿಸಿದರು: ‘ಝೀರೊ-ಮೋಡ್ ವೇವ್‌ಗೈಡ್’. ಗಾಜಿನ ಮೇಲೆ ಅಲ್ಯೂಮಿನಿಯಮ್ಮಿನ ತೆಳುಪದರ, ಅದರಲ್ಲಿ 50 ನ್ಯಾನೊಮೀಟರ್ ಆಸುಪಾಸಿನ ರಂಧ್ರಗಳು. ಬೆಳಕಿನ ತರಂಗಾಂತರ ಇದರ ಹತ್ತರಷ್ಟಿರುವುದರಿಂದ ಅದು ಒಳಗೆ ಸಾಗಲಾರದೆ ತಳದಲ್ಲೇ ನಂದುತ್ತದೆ. ಬೆಳಗುವ ಜಾಗ ಝೆಪ್ಟೊಲೀಟರುಗಳಿಗೆ ಇಳಿಯುತ್ತದೆ. ಕಿಣ್ವವನ್ನು ಆ ತಳಕ್ಕೇ ಕಟ್ಟಿಹಾಕಿದರೆ ಅದೊಂದರ ಕೆಲಸ ಕಾಣುತ್ತದೆ. ಬೆಳಕನ್ನು ಸಾಗಿಸಬೇಕಾದ ನಾಳ ಸಾಗಿಸಲಾರದ್ದರಿಂದಲೇ ಕೆಲಸಕ್ಕೆ ಬಂತು. ಈ ವಿನ್ಯಾಸದ ಸೊಗಸು ಇಲ್ಲಿದೆ.

ಸೊಗಸಿಗೆ ತೆತ್ತ ಬೆಲೆಯನ್ನೂ ಲೆಕ್ಕ ಹಾಕಬೇಕು. ಲೋಹದ ಗೋಡೆ ಹತ್ತಿರವಿದ್ದರೆ ಬಣ್ಣದ ಅಣುವಿನ ಹೊಳಪೂ ಅದು ಹೊಳೆಯುವ ಅವಧಿಯೂ ಬದಲಾಗುತ್ತವೆ. ತಳಕ್ಕೆ ಕಟ್ಟಿಹಾಕಿದ ಕಿಣ್ವ ಸ್ವತಂತ್ರ ಕಿಣ್ವವಲ್ಲ. ಲೇಸರ್ ಅದನ್ನು ಕ್ರಮೇಣ ಕೆಡಿಸುತ್ತದೆ. ಕಿಣ್ವಗಳು ತಾವಾಗಿಯೇ ಬಂದು ಕೂರುವಂತೆ ಬಿಟ್ಟರೆ, ಹೆಚ್ಚೆಂದರೆ ಶೇ. 37ರಷ್ಟು ರಂಧ್ರಗಳಲ್ಲಿ ಮಾತ್ರ ಒಂದೇ ಕಿಣ್ವ ಸಿಗುತ್ತದೆ.

ಪೆಸಿಫಿಕ್ ಬಯೋಸೈನ್ಸಸ್ ಕಂಪನಿ ಇದೇ ರಂಧ್ರಗಳಲ್ಲಿ ಡಿಎನ್‌ಎ ನಕಲಿಸುವ ಕಿಣ್ವವನ್ನು ಕೂರಿಸಿ ಅದರ ಅಕ್ಷರಗಳನ್ನು ಓದತೊಡಗಿದಾಗ ಒಂಟಿ ಓದಿನಲ್ಲಿ ನೂರಕ್ಕೆ ಹದಿನೈದರ ಆಸುಪಾಸು ತಪ್ಪುಗಳಿದ್ದವು. ಅವು ಬಹುಮಟ್ಟಿಗೆ ಗೊತ್ತುಗುರಿಯಿಲ್ಲದ ತಪ್ಪುಗಳು, ಅದೇ ಅನುಕೂಲವಾಯಿತು. ಡಿಎನ್‌ಎಯನ್ನು ಬಳೆಯಾಗಿಸಿ ಮತ್ತೆ ಮತ್ತೆ ಓದಿದರೆ ಅವು ಪರಸ್ಪರ ಅಳಿಸಿಹೋಗುತ್ತವೆ. 2019ರ ಹೊತ್ತಿಗೆ ನಿಖರತೆ ಶೇ. 99.8ಕ್ಕೆ ಏರಿತು. 2022ರಲ್ಲಿ ಮನುಷ್ಯನ ಜೀನೋಮನ್ನು ಕೊನೆಯಿಂದ ಕೊನೆಗೆ ಪೂರ್ತಿಗೊಳಿಸುವಲ್ಲಿ ಈ ಓದುಗಳ ಪಾಲು ದೊಡ್ಡದು.

ಆದರೆ ಈ ಗೆಲುವಿನ ಅರ್ಥವನ್ನು ಹಿಗ್ಗಿಸಬಾರದು. ಅಕ್ಷರ ಓದುವಾಗ ಪುನರಾವರ್ತನೆ ತಪ್ಪನ್ನು ತೊಳೆಯುತ್ತದೆ. ಕಿಣ್ವದ ವೇಗ ಅಳೆಯುವಾಗ ಗೋಡೆ ತಂದಿಟ್ಟ ವ್ಯತ್ಯಾಸ ಪ್ರತಿ ಸಲವೂ ಅದೇ ದಿಕ್ಕಿಗೆ ಎಳೆಯುತ್ತದೆ. ಸಾವಿರ ಸಲ ಅಳೆದರೂ ಅದು ಹೋಗದು. ಆದ್ದರಿಂದ ರಂಧ್ರದೊಳಗಿನ ವೇಗವನ್ನು ತೆರೆದ ದ್ರಾವಣದಲ್ಲಿನ ವೇಗದ ಪಕ್ಕದಲ್ಲಿಟ್ಟು ತೋರಿಸದ ಅಧ್ಯಯನವನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ.